ಹೊಲಿಗೆ ಮಷೀನಿನ ಮುಂದೆ ಸೋತ ಜಾವಾ!

ರಾಯದುರ್ಗದ ಜೀನ್ಸ್ ಹೊಲಿಯುವ ಒಂದು ಗಾರ್ಮೆಂಟ್ಸ್ ಬಾಗಿಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಮಷೀನು ಗುರ್ರ್ ಅನ್ನುತ್ತಿದೆ. ಹೊರಗೆ ಹಳೇ ಜಾವಾ ಬೈಕೊಂದು ಸದ್ದು ಮಾಡುತ್ತಾ ಹೋಯಿತು. ಈಗ ಹೇಳಿ: ಎರಡರಲ್ಲಿ ಯಾವುದು ಹೆಚ್ಚು ಜೋರಾಗಿ ಸುತ್ತಬಲ್ಲದು?

ಜಾವಾ ಅಂದಿರಾ? ಸೋತಿರಿ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತಲ್ಲ, ಅಲ್ಲಿಂದ ಬಂದ ಆ 250 ಸಿಸಿ ಬೈಕು ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 4750 ಸುತ್ತಿನಲ್ಲಿ. ಗಾರ್ಮೆಂಟ್ಸಿನ ಹೈಸ್ಪೀಡ್ ಮಷೀನು? ನಿಮಿಷಕ್ಕೆ 5000 ಹೊಲಿಗೆ ಹಾಕಬಲ್ಲದು! ಒಂದು ಹೊಲಿಗೆಗೆ ಒಂದು ಸುತ್ತು. ದಪ್ಪ ಜೀನ್ಸ್ ಬಟ್ಟೆಗೆ ಸೂಜಿ ಕಾದುಬಿಡುತ್ತದೆಂದು ಅಷ್ಟು ಓಡಿಸುವುದಿಲ್ಲ, ಆ ಮಾತು ಬೇರೆ. ತಾಕತ್ತಂತೂ ಇದೆ!

ಇನ್ನೂ ಮಜಾ ಕೇಳಿ. ಎರಡರ ಹೊಟ್ಟೆಯಲ್ಲಿರುವುದೂ ಒಂದೇ ಕರಾಮತ್ತು! ಸುತ್ತುವ ಕ್ರ್ಯಾಂಕು. ಅದನ್ನು ಹಿಡಿದ ರಾಡು. ರಾಡಿನ ಇನ್ನೊಂದು ತುದಿಯಲ್ಲಿ ಇಲ್ಲಿ ಸೂಜಿ, ಅಲ್ಲಿ ಪಿಸ್ಟನ್.

ಹಾಗಾದರೆ ಗುಟ್ಟೆಲ್ಲಿದೆ? ಸ್ಟ್ರೋಕಿನಲ್ಲಿ! ಸೂಜಿ ಮೇಲಿಂದ ಕೆಳಕ್ಕೆ ಓಡುವುದು ಸುಮಾರು 30 ಮಿ.ಮೀ. ಮಾತ್ರ. ಜಾವಾ ಪಿಸ್ಟನ್ನು ಓಡುವುದು 75 ಮಿ.ಮೀ.! ಕ್ರ್ಯಾಂಕು ದೊಡ್ಡದಾದಷ್ಟೂ ಪಿಸ್ಟನ್ನಿನ ದಾರಿ ದೂರ. ದಾರಿ ದೂರವಾದರೆ ಸುತ್ತು ಕಮ್ಮಿ.

ನಂಬಿಕೆ ಬರಲಿಲ್ಲವೇ? ಯಮಾಹಾ ಆರ್‌ಎಕ್ಸ್ 100 ತಗೊಳ್ಳಿ. ಸ್ಟ್ರೋಕ್ 50 ಮಿ.ಮೀ., ಪೂರ್ತಿ ಶಕ್ತಿ 7500 ಸುತ್ತಿನಲ್ಲಿ. ಈಗ ಲೆಕ್ಕ ಹಾಕಿ. ಜಾವಾ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 11.9 ಮೀಟರ್. ಆರ್‌ಎಕ್ಸ್‌ನದು? 12.5! ಕಿವಿಗೆ ಒಂದು ಗುಡುಗು, ಇನ್ನೊಂದು ಕಿರುಚು. ಒಳಗೆ ಪಿಸ್ಟನ್ನುಗಳು ಹೆಚ್ಚುಕಮ್ಮಿ ಜೊತೆಯಲ್ಲೇ ಓಡುತ್ತಿವೆ!

ಎರಡೂವರೆ ಮೀಟರ್ ಸ್ಟ್ರೋಕಿನ ಎಂಜಿನ್ ನೋಡಿದ್ದೀರಾ? ಕಂಟೇನರ್ ಹಡಗಿನದು. ಹೆಸರು ಆರ್‌ಟಿ-ಫ್ಲೆಕ್ಸ್ 96ಸಿ. ನಿಮಿಷಕ್ಕೆ ಬರೀ 102 ಸುತ್ತು! ಅದರ ಪಿಸ್ಟನ್ ವೇಗವೂ ಸೆಕೆಂಡಿಗೆ 8.5 ಮೀಟರ್!

ಸರಿ, ಸ್ಟ್ರೋಕ್ ಗೊತ್ತಾದರೆ ಸುತ್ತು ಗೊತ್ತಾದ ಹಾಗೆಯೇ ಅಂದಿರಾ? ತಡೆಯಿರಿ. ಮಡಕಶಿರಾ ಕಡೆ ಬನ್ನಿ.

ಅಲ್ಲಿಗೆ ಹತ್ತಿರದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇದೆ. 2019ರಲ್ಲಿ ಅಲ್ಲಿಂದ ಸೆಲ್ಟೋಸ್ ಹೊರಬಂತು. ಒಂದೇ ಕಾರಿಗೆ ಎರಡು ಒಂದೂವರೆ ಲೀಟರ್ ಎಂಜಿನ್, ಒಂದು ಪೆಟ್ರೋಲ್, ಒಂದು ಡೀಸೆಲ್. ಎರಡಕ್ಕೂ 115 ಅಶ್ವಶಕ್ತಿ! ಪೆಟ್ರೋಲಿನ ಸ್ಟ್ರೋಕ್ 83.4 ಮಿ.ಮೀ. ಡೀಸೆಲಿನದು 84.5. ವ್ಯತ್ಯಾಸ 1.1 ಮಿ.ಮೀ.! ಆದರೆ ಪೆಟ್ರೋಲಿಗೆ ಆ ಶಕ್ತಿ ಬರುವುದು 6300 ಸುತ್ತಿನಲ್ಲಿ, ಡೀಸೆಲಿಗೆ 4000ದಲ್ಲೇ!

ಇದಕ್ಕೂ ಮೀರಿದ್ದೊಂದಿದೆ. 1999ರ ಹೋಂಡಾ ಎಸ್2000 ಕಾರು. ಅದರ ಸ್ಟ್ರೋಕ್ 84 ಮಿ.ಮೀ., ಪೆನುಕೊಂಡದ ಕಾರಿನ ಎರಡು ಎಂಜಿನ್ನುಗಳ ನಟ್ಟನಡುವೆ! ಇದಕ್ಕಿಂತ ಜೋರಾಗಿ ಸುತ್ತಿಸಬೇಡಿ ಅನ್ನುವ ಡಯಲಿನ ಕೆಂಪು ಗೆರೆ ಎಲ್ಲಿತ್ತು ಗೊತ್ತೇ? 9000ದಲ್ಲಿ!

ಹೇಗೆ? ವಾಲ್ವು, ಗಾಳಿಯ ದಾರಿ, ಇಂಧನ ಉರಿಯುವ ರೀತಿ ಎಲ್ಲಕ್ಕೂ ಪಾಲಿದೆ. ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಕನೆಕ್ಟಿಂಗ್ ರಾಡು!

ಒಂದು ಪ್ರಶ್ನೆ. ಜೋರಾಗಿ ಸುತ್ತುವಾಗ ರಾಡು ಅತಿ ಹೆಚ್ಚು ಒದ್ದಾಡುವುದು ಯಾವಾಗ? ಪೆಟ್ರೋಲು ಸಿಡಿದು ಪಿಸ್ಟನ್ನನ್ನು ಕೆಳಕ್ಕೆ ಗುದ್ದಿದಾಗ ಅಲ್ಲವೇ?

ಅಲ್ಲ! ಏನೂ ಸಿಡಿಯದಾಗ! ಹೊಗೆಯೆಲ್ಲ ಹೊರಗೆ ಹೋಗಿ ಪಿಸ್ಟನ್ನು ತುತ್ತತುದಿ ಮುಟ್ಟುತ್ತದಲ್ಲ, ಆ ಗಳಿಗೆ. ಮೇಲೆ ಅದನ್ನು ತಡೆಯುವ ಗಾಳಿಯ ಒತ್ತಡವಿಲ್ಲ. ಹಾರಿಹೋಗಲು ಹೊರಟ ಪಿಸ್ಟನ್ನನ್ನು ರಾಡೊಂದೇ ಹಿಡಿದು ಎಳೆಯಬೇಕು. ರಾಡಿಗೆ ಗುದ್ದಿಗಿಂತ ಈ ಜಗ್ಗಾಟವೇ ಗಂಡಾಂತರ!

ಎಷ್ಟು ಜಗ್ಗಾಟ? ಎಸ್2000ದ ರಾಡು 153 ಮಿ.ಮೀ. ಉದ್ದ. 9000 ಸುತ್ತಿನಲ್ಲಿ, ಆ ತುತ್ತತುದಿಯಲ್ಲಿ ಪಿಸ್ಟನ್ನಿನ ವೇಗೋತ್ಕರ್ಷ ಗುರುತ್ವದ 4800 ಪಟ್ಟು ದಾಟುತ್ತದೆ! ಪಿಸ್ಟನ್ನಿನಲ್ಲಿ 100 ಗ್ರಾಂ ಹೆಚ್ಚಾದರೆ ರಾಡಿಗೆ ಸುಮಾರು 480 ಕಿಲೋ ಹೆಚ್ಚುವರಿ ಎಳೆತ. ಹೆಚ್ಚುಕಮ್ಮಿ ಐದು ಕ್ವಿಂಟಾಲ್ ಶೇಂಗಾ ಮೂಟೆಗಳನ್ನು ರಾಡಿಗೆ ನೇತುಹಾಕಿದ ಹಾಗೆ! ಅದೂ ಸೆಕೆಂಡಿಗೆ 75 ಸಲ!

ಸುತ್ತು ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಅದಕ್ಕೇ ಹೋಂಡಾ ಇಲ್ಲಿ ಫೋರ್ಜಿಂಗ್ ಮಾಡಿದ ಉಕ್ಕಿನ ರಾಡು ಹಾಕಿತು. ಅದೇ ಕಂಪನಿಯ 1990ರ ಎನ್‌ಎಸ್‌ಎಕ್ಸ್ ಕಾರಿಗೆ ಟೈಟಾನಿಯಂ ರಾಡು! ಉಕ್ಕಿನ ಮುಕ್ಕಾಲು ತೂಕವೂ ಇಲ್ಲದ ಲೋಹ. ಡೀಸೆಲಿನದು ತದ್ವಿರುದ್ಧ ಪಾಡು. ಭಾರೀ ಒತ್ತಡದ ಗುದ್ದು ತಡೆಯಲು ಅದರ ರಾಡು, ಪಿಸ್ಟನ್ನು, ಕ್ರ್ಯಾಂಕು ಎಲ್ಲ ದಪ್ಪಗಿರಬೇಕು. ಆ ತೂಕವೇ ಮೇಲಿನ ಸುತ್ತಿಗೆ ಶತ್ರು. ಸಾಲದ್ದಕ್ಕೆ ಡೀಸೆಲ್ ಉರಿಯಲು ಸಮಯವೂ ಬೇಕು.

ಕ್ರ್ಯಾಂಕಿನ ತೂಕ ಕೆರೆದು ಹಗುರ ಮಾಡಿದರೆ? ರೇಸ್ ಕೊಟ್ಟೊಡನೆ ಸುತ್ತು ಚಂಗನೆ ಏರುತ್ತದೆ, ನಿಜ. ಆದರೆ ರಾಡಿನ ಮಿತಿ ಅಲ್ಲೇ ಇರುತ್ತದೆ! ಮೇಲಾಗಿ ನಿಂತಲ್ಲಿ ಎಂಜಿನ್ನು ನಡುಗಲು ಶುರು.

ಕೊನೆಗೊಂದು. 2004ರಲ್ಲಿ ಅಮೆರಿಕದ ಎಸ್2000ಕ್ಕೆ ಹೋಂಡಾ ಬೇರೆ ಕ್ರ್ಯಾಂಕು ಹಾಕಿತು. ಸ್ಟ್ರೋಕ್ 84ರಿಂದ 90.7 ಮಿ.ಮೀ.ಗೆ ಏರಿತು. ಹೆಚ್ಚಿದ್ದು ಬರೀ 6.7 ಮಿ.ಮೀ.! ಕೆಂಪು ಗೆರೆ ಎಲ್ಲಿಗಿಳಿಯಿತು, ಊಹಿಸಿ?

8000ಕ್ಕೆ! ಸಾವಿರ ಸುತ್ತು ಮಾಯ! ಬದಲಿಗೆ ಎಳೆಯುವ ಕಸುವು ಹೆಚ್ಚಿತು, ಪೇಟೆಯಲ್ಲಿ ಓಡಿಸಲು ಅದೇ ಸುಖ. ನನಗಂತೂ 9000ದ್ದೇ ಬೇಕು!