ಫಿಲಿಪ್ಪೀನ್ಸ್‌ನ ಜನಪದ ಗುರುಗಳಿಗೆ ರಾಷ್ಟ್ರಗೌರವ

ಫಿಲಿಪ್ಪೀನ್ಸ್‌ನಲ್ಲಿ ಜನಪದ ಕಲಾವಿದರಿಗೆ ಸಲ್ಲುವ ಅತ್ಯುನ್ನತ ಸರ್ಕಾರಿ ಗೌರವದ ಹೆಸರು ‘ಗವಾದ್ ಸಾ ಮನ್ಲಿಲಿಖಾ ನಂಗ್ ಬಾಯನ್’. 1992ರ 7355ನೇ ಗಣರಾಜ್ಯ ಕಾಯ್ದೆ ಇದಕ್ಕೆ ಆಧಾರ. ರಾಷ್ಟ್ರೀಯ ಸಂಸ್ಕೃತಿ ಮತ್ತು ಕಲಾ ಆಯೋಗ ಇದನ್ನು ನಡೆಸುತ್ತದೆ. ಚಿತ್ರಕಾರರು, ಸಾಹಿತಿಗಳು, ಸಿನಿಮಾ ನಿರ್ದೇಶಕರಂಥವರನ್ನು ಗೌರವಿಸುವ ‘ರಾಷ್ಟ್ರೀಯ ಕಲಾವಿದ’ ಬಿರುದು 1972ರಿಂದಲೇ ಇತ್ತು. ಗುಡ್ಡಗಾಡು ಮತ್ತು ದೂರದ ದ್ವೀಪಗಳ ನೇಕಾರರು, ಚಾಪೆ ಹೆಣೆಯುವವರು, ಮಹಾಕಾವ್ಯ ಹಾಡುವವರಿಗೆಂದೇ ಈ ಪುರಸ್ಕಾರ ಹುಟ್ಟಿತು.

ಆಯ್ಕೆಯ ನಿಯಮಗಳು ಕಟ್ಟುನಿಟ್ಟಾಗಿವೆ. ಕಲಾವಿದರು ತಮ್ಮ ಆಚಾರ, ನಂಬಿಕೆಗಳನ್ನು ಉಳಿಸಿಕೊಂಡ ಸಮುದಾಯಕ್ಕೆ ಸೇರಿರಬೇಕು. ಅವರ ಕಲೆಗೆ ಕನಿಷ್ಠ 50 ವರ್ಷಗಳ ದಾಖಲಿತ ಪರಂಪರೆ ಇರಬೇಕು. ಕೈಚಳಕದ ಜೊತೆಗೆ, ವಿದ್ಯೆಯನ್ನು ಸಮುದಾಯದ ಇತರರಿಗೆ ಕಲಿಸಿರಬೇಕು ಅಥವಾ ಕಲಿಸಲು ಸಿದ್ಧರಿರಬೇಕು. ಪದಕ, ನಗದು ಮತ್ತು ಜೀವನಪರ್ಯಂತ ಮಾಸಾಶನ ಪಡೆದವರು ಕಲಿಸುವ ಹೊಣೆಯನ್ನೂ ಹೊರುತ್ತಾರೆ.

ಮೊದಲ ಪುರಸ್ಕಾರಗಳು 1993ರಲ್ಲಿ ಮೂವರಿಗೆ ಸಂದವು. ಮಿಂಡೋರೊ ದ್ವೀಪದ ಹನುನುಓ ಮಂಗ್ಯಾನ್ ಜನಾಂಗದ ಗಿನಾವ್ ಬಿಲೋಗ್ ‘ಅಂಬಾಹಾನ್’ ಕಾವ್ಯದಲ್ಲಿ ನುರಿತವರು. ಸಾಲಿಗೆ ಏಳು ಅಕ್ಷರಗಳ, ಅಂತ್ಯಪ್ರಾಸದ ಈ ಪದ್ಯಗಳನ್ನು ಚಾಕುವಿನ ಮೊನೆಯಿಂದ ಬಿದಿರಿನ ಮೇಲೆ ಕೊರೆಯುವ ರೂಢಿಯಿದೆ. ಅದಕ್ಕೆ ಬಳಸುವ ಲಿಪಿ ಬ್ರಾಹ್ಮಿಯಿಂದ ಕವಲೊಡೆದದ್ದು. ಕನ್ನಡ ಲಿಪಿಯ ಮೂಲವೂ ಅದೇ ಆದ್ದರಿಂದ ಇವೆರಡೂ ದೂರದ ನೆಂಟರು. ಪಲಾವನ್ ದ್ವೀಪದ ಮಸೀನೊ ಇಂತರಾಯ್ ಮಹಾಕಾವ್ಯಗಳನ್ನು ಬಾಯಿಪಾಠ ಮಾಡಿಕೊಂಡು ರಾತ್ರಿಗಟ್ಟಲೆ ಹಾಡುತ್ತಿದ್ದರು. ಮಗಿಂದನಾವ್‌ನ ಸಮಾವೊನ್ ಸುಲೈಮಾನ್ ಎರಡು ತಂತಿಗಳ ‘ಕುಟ್ಯಾಪಿ’ ವಾದ್ಯದ ಗುರು. ಅದರ ಒಂದು ತಂತಿ ಶ್ರುತಿ ಹಿಡಿದರೆ, ಇನ್ನೊಂದು ರಾಗ ನುಡಿಸುತ್ತದೆ.

ಪುರಸ್ಕೃತರಲ್ಲಿ ನೇಕಾರ್ತಿಯರ ಸಂಖ್ಯೆ ದೊಡ್ಡದು. 1998ರಲ್ಲಿ ಗೌರವ ಪಡೆದ ತ್ಬೋಲಿ ಜನಾಂಗದ ಲಾಂಗ್ ದುಲಾಯ್ ಮಿಂಡನಾವ್‌ನ ಸೆಬು ಸರೋವರ ಪ್ರದೇಶದವರು. 12ನೇ ವಯಸ್ಸಿನಲ್ಲಿ ತಾಯಿಯಿಂದ ‘ತ್ನಲಾಕ್’ ನೇಯ್ಗೆ ಕಲಿತ ಅವರ ಮನಸ್ಸಿನಲ್ಲಿ ಸುಮಾರು ನೂರು ವಿನ್ಯಾಸಗಳಿದ್ದವು. ಈ ಬಟ್ಟೆಗೆ ಬಾಳೆಯ ಕುಲದ ಅಬಾಕಾ ಗಿಡದ ನಾರು ಬೇಕು. ದಿಂಡಿನಿಂದ ನಾರು ತೆಗೆದು, ಎಳೆಗೆ ಎಳೆ ಗಂಟು ಹಾಕಿ ನೂಲು ಮಾಡುತ್ತಾರೆ. ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಎಲೆ ಮತ್ತು ಬೇರುಗಳ ಬಣ್ಣದಲ್ಲಿ ಕುದಿಸುತ್ತಾರೆ. ಕಟ್ಟಿದ ಕಡೆ ಬಣ್ಣ ಹತ್ತದೆ ಚಿತ್ತಾರ ಮೂಡುತ್ತದೆ. ಬಿಸಿಲೇರಿದರೆ ನಾರು ತುಂಡಾಗುವುದರಿಂದ ತಂಪು ಹೊತ್ತಿನಲ್ಲೇ ನೇಯಬೇಕು. ಒಂದು ಬಟ್ಟೆ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ವಿನ್ಯಾಸಗಳು ಕನಸಿನಲ್ಲಿ ಕಾಣಿಸುತ್ತವೆ, ಅಬಾಕಾದ ಅಧಿದೇವತೆ ಫು ದಾಲು ಅವನ್ನು ಕರುಣಿಸುತ್ತಾಳೆ ಎಂಬುದು ತ್ಬೋಲಿಗಳ ನಂಬಿಕೆ. ನಕ್ಷೆ ಕಾಗದದ ಮೇಲಿಲ್ಲದ ಕಾರಣ, ನೇಕಾರ್ತಿ ತೀರಿಕೊಂಡರೆ ಕಲಿಸದೆ ಉಳಿದ ವಿನ್ಯಾಸಗಳೂ ಅಳಿಯುತ್ತವೆ.

2012ರಲ್ಲಿ ಇಲೋಕೋಸ್‌ನ ‘ಇನಾಬೆಲ್’ ಹತ್ತಿಬಟ್ಟೆಯ ನೇಕಾರ್ತಿ ಮಗ್ದಲೇನಾ ಗಮಾಯೊ ಅವರೊಂದಿಗೆ ಅಬ್ರಾ ಪ್ರಾಂತ್ಯದ ತಿಯೋಫಿಲೊ ಗಾರ್ಸಿಯಾ ಅವರಿಗೂ ಪುರಸ್ಕಾರ ದೊರೆಯಿತು. ಸ್ವತಃ ರೈತರಾದ ಗಾರ್ಸಿಯಾ ಸೋರೆಕಾಯಿ ಬೆಳೆದು, ಬಲಿತ ಕಾಯಿಯನ್ನು ಟೊಳ್ಳು ಮಾಡಿ ಒಣಗಿಸಿ, ಬೆತ್ತದ ಒಳಹೆಣಿಗೆ ಕೊಟ್ಟು ಮಳೆ ಬಿಸಿಲಿಗೆ ಜಗ್ಗದ ಟೋಪಿ ತಯಾರಿಸುತ್ತಾರೆ.

ಕೊರತೆಗಳೂ ಇವೆ. 1993ರಿಂದ 2016ರವರೆಗೆ ಗೌರವ ಪಡೆದವರು ಕೇವಲ 16 ಮಂದಿ. ಮೊದಲ ಮೂವರಲ್ಲಿ ಯಾರೂ 2013ರ ಬಳಿಕ ಉಳಿದಿರಲಿಲ್ಲ. 2004ರಲ್ಲಿ ಪುರಸ್ಕಾರ ಪಡೆದ ಸುಲುವಿನ ನೇಕಾರ್ತಿ ದರ್ಹಾತಾ ಸವಾಬಿ ಮರುವರ್ಷವೇ ನಿಧನರಾದರು. ಏಳು ವರ್ಷಗಳ ಬಿಡುವಿನ ನಂತರ, 2023ರಲ್ಲಿ ಒಂಬತ್ತು ಮಂದಿಯನ್ನು ಘೋಷಿಸಿದಾಗ ಒಟ್ಟು ಸಂಖ್ಯೆ 25ಕ್ಕೇರಿತು. ಇಳಿವಯಸ್ಸಿನಲ್ಲಿ ಬರುವ ಪದಕ ಕಲಾವಿದರನ್ನು ಸನ್ಮಾನಿಸಬಲ್ಲದು. ಕಲೆ ಉಳಿಯಬೇಕಾದರೆ ಅವರ ಕೈಯಲ್ಲಿ ಕಸುವಿರುವಾಗಲೇ ಶಿಷ್ಯರು ಮಗ್ಗದ ಮುಂದೆ ಕೂರಬೇಕು. ಕಾಯ್ದೆಯಲ್ಲಿ ಕಲಿಸುವ ಷರತ್ತಿಗೆ ಇರುವ ಬೆಲೆ ಪದಕಕ್ಕಿಂತ ದೊಡ್ಡದು.