ಕಾಲು ಸೆಕೆಂಡಿನ ಲೆಕ್ಕ



ಕ್ರಿಕೆಟ್ ಪಂದ್ಯದ ಕೊನೆಯ ಓವರ್ ನಡೆಯುತ್ತಿದೆ ಎಂದುಕೊಳ್ಳಿ. ಗೆಲ್ಲಲು ನಾಲ್ಕು ರನ್ ಬೇಕು. ನಿಮ್ಮ ಮನೆಯ ಟಿ.ವಿ.ಯಲ್ಲಿ ಬೌಲರ್ ಆಗಷ್ಟೇ ಓಡಲು ಶುರು ಮಾಡಿದ್ದಾನೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ‘ಹೋ’ ಎಂಬ ಕೂಗು, ಜೊತೆಗೆ ತಟ್ಟೆ ಬಡಿದ ಸದ್ದು. ಚೆಂಡು ಬೌಂಡರಿ ದಾಟಿತೆಂದು ನಿಮಗೆ ತಿಳಿದುಹೋಯಿತು. ಬೌಲರನಿಗೆ ಮಾತ್ರ ತಿಳಿದಿಲ್ಲ. ಪಾಪ, ಅವನಿನ್ನೂ ಓಡಿ ಬರುತ್ತಲೇ ಇದ್ದಾನೆ!

ಪಕ್ಕದ ಮನೆಯವರಿಗೆ ಭವಿಷ್ಯ ಕಾಣುತ್ತದೆಯೇ? ಹಾಗಿದ್ದರೆ ನಾಳೆಯ ಗಣಿತದ ಪ್ರಶ್ನೆಪತ್ರಿಕೆಯನ್ನೂ ಅವರನ್ನೇ ಕೇಳಬಹುದಿತ್ತು. ಅಂಥದ್ದೇನೂ ಇಲ್ಲ. ಎರಡು ಮನೆಗಳಿಗೂ ಬರುತ್ತಿರುವುದು ಒಂದೇ ‘ನೇರ ಪ್ರಸಾರ’. ಈ ಎರಡು ಪದಗಳನ್ನು ನಮ್ಮ ವೃತ್ತಿಯವರು ದಿನಕ್ಕೆ ಹತ್ತಾರು ಸಲ ಉಚ್ಚರಿಸುತ್ತೇವೆ. ಆದರೆ ಅದು ಎಷ್ಟು ನೇರ ಎಂದು ಕೆದಕಿ ನೋಡಿದರೆ ನಗು ಬರುತ್ತದೆ. ಬೆಂಗಳೂರಿನ ಮೈದಾನದಿಂದ ಬೆಂಗಳೂರಿನದೇ ಒಂದು ಮನೆಗೆ ಬರುವ ಚಿತ್ರ, ಮೊದಲು 36,000 ಕಿಲೋಮೀಟರ್ ಮೇಲಕ್ಕೆ ಹೋಗಿ, ಅಲ್ಲಿಂದ ಮತ್ತೆ ಅಷ್ಟೇ ದೂರ ಕೆಳಕ್ಕೆ ಇಳಿಯುತ್ತದೆ. ಅಂದರೆ ಭೂಮಿಯನ್ನು ಎರಡು ಸುತ್ತು ಹಾಕುವುದಕ್ಕಿಂತ ತುಸು ಕಡಿಮೆ, ಅಷ್ಟೇ! ಸುತ್ತುದಾರಿ ಎಂದರೆ ಇದು.

ಈ 36,000 ಎಲ್ಲಿಂದ ಬಂತು?

ನಿಮ್ಮ ಬೀದಿಯ ಮನೆಗಳ ಮೇಲಿರುವ ಡಿಶ್‌ಗಳನ್ನು ಒಮ್ಮೆ ಗಮನಿಸಿ. ಒಂದೇ ಕಂಪನಿಯ ಡಿಶ್‌ಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಅವು ಸೂರ್ಯಕಾಂತಿಯಂತೆ ತಿರುಗುವುದಿಲ್ಲ. ಹಾಗಾದರೆ ಅವು ನೋಡುತ್ತಿರುವ ಉಪಗ್ರಹವೂ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣಬೇಕಲ್ಲವೇ? ನಿಲ್ಲಿಸುವುದು ಹೇಗೆ? ಸುಮ್ಮನೆ ನಿಂತರೆ ಅದು ಕೆಳಗೆ ಬೀಳುತ್ತದೆ. ಉಪಾಯವೆಂದರೆ, ಭೂಮಿ ತನ್ನ ಸುತ್ತ ಒಂದು ಬಾರಿ ತಿರುಗುವಷ್ಟರಲ್ಲಿ ಉಪಗ್ರಹವೂ, ಭೂಮಧ್ಯರೇಖೆಯ ನೇರಕ್ಕೆ, ಭೂಮಿಯನ್ನು ಒಂದು ಸುತ್ತು ಹಾಕಿಬಿಡಬೇಕು. ಆಗ ನಮ್ಮ ಪಾಲಿಗೆ ಅದು ನಿಂತೇ ಇರುತ್ತದೆ. ಇದಕ್ಕೇ ಭೂಸ್ಥಿರ ಉಪಗ್ರಹ ಎಂಬ ಹೆಸರು.

ಒಂದು ದಿನಕ್ಕೆ ಒಂದು ಸುತ್ತು ಮುಗಿಯಬೇಕಾದರೆ ಎಷ್ಟು ದೂರದಲ್ಲಿರಬೇಕು? ಇದನ್ನು ನೀವೇ ಕಾಗದದ ಮೇಲೆ ಕಂಡುಹಿಡಿಯಬಹುದು. ಬೇಕಾದ ಸಾಮಗ್ರಿ: ಒಂದು ಪೆನ್ಸಿಲ್, ಒಂದು ಚಂದ್ರ.

ಚಂದ್ರನೂ ಭೂಮಿಯನ್ನೇ ಸುತ್ತುತ್ತಾನೆ, ಉಪಗ್ರಹವೂ ಭೂಮಿಯನ್ನೇ ಸುತ್ತುತ್ತದೆ. ಆದ್ದರಿಂದ ಇಬ್ಬರಿಗೂ ಒಂದೇ ಕಾನೂನು. ಅದನ್ನು ಗ್ರಹಗಳಿಗಾಗಿ ಕೆಪ್ಲರ್ 1619ರಲ್ಲೇ ಬರೆದಿಟ್ಟ. ಸುತ್ತುವ ಅವಧಿಯ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಚಂದ್ರನ ಒಂದು ಸುತ್ತಿಗೆ 27.3 ದಿನ. ಅದರ ವರ್ಗ ಸುಮಾರು 745. ಇದರ ಘನಮೂಲ ಸುಮಾರು 9.07. ಅಂದರೆ, ಒಂದು ದಿನದಲ್ಲಿ ಸುತ್ತು ಮುಗಿಸುವ ಉಪಗ್ರಹ ಚಂದ್ರನಿಗಿಂತ 9.07 ಪಟ್ಟು ಹತ್ತಿರದಲ್ಲಿರಬೇಕು. ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್. ಭಾಗಿಸಿದರೆ ಸುಮಾರು 42,400 ಬರುತ್ತದೆ. ಇದು ಭೂಮಿಯ ಕೇಂದ್ರದಿಂದ ಅಳೆದ ದೂರ. ಭೂಮಿಯ ತ್ರಿಜ್ಯ ಸುಮಾರು 6,400 ಕಿಲೋಮೀಟರ್ ಅನ್ನು ಕಳೆಯಿರಿ. ಉಳಿಯಿತು ನೋಡಿ 36,000!

ನಿಖರವಾದ ಎತ್ತರ 35,786 ಕಿಲೋಮೀಟರ್. ಚಂದ್ರನಿಗೂ ಗಣನೀಯವಾದ ದ್ರವ್ಯರಾಶಿ ಇದೆ, ಸೂರ್ಯನೂ ಅವನನ್ನು ಎಳೆಯುತ್ತಾನೆ, ಭೂಮಿ ಒಂದು ಸುತ್ತು ತಿರುಗಲು 24 ಗಂಟೆಗಿಂತ ಸುಮಾರು 4 ನಿಮಿಷ ಕಡಿಮೆ ತೆಗೆದುಕೊಳ್ಳುತ್ತದೆ. ಇವನ್ನೆಲ್ಲ ನಾವು ಬಿಟ್ಟುಬಿಟ್ಟೆವು. ಹಾಗಿದ್ದರೂ ನೂರಕ್ಕೆ ಒಂದರಷ್ಟೂ ತಪ್ಪಲಿಲ್ಲ. ಮನೆಯ ದಿನಸಿ ಲೆಕ್ಕದಲ್ಲಿ ನಾನು ಇದಕ್ಕಿಂತ ಹೆಚ್ಚು ತಪ್ಪುತ್ತೇನೆ.

ಇಂಥ ಮೂರು ಉಪಗ್ರಹಗಳಿದ್ದರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದೆಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ಲೇಖನ ಬರೆದಾಗ ಆಕಾಶದಲ್ಲಿ ಒಂದೇ ಒಂದು ಕೃತಕ ಉಪಗ್ರಹವೂ ಇರಲಿಲ್ಲ. ನಮ್ಮ ದೇಶದ ಮೊದಲ ಪ್ರಾಯೋಗಿಕ ಭೂಸ್ಥಿರ ಉಪಗ್ರಹ ‘ಆ್ಯಪಲ್’ 1981ರಲ್ಲಿ ಹಾರಿತು. ಅದಕ್ಕೆ ಮೊದಲು ಒಂದು ಪರೀಕ್ಷೆಗಾಗಿ ಅದನ್ನು ಎತ್ತಿನ ಗಾಡಿಯ ಮೇಲೆ ಇರಿಸಿದ ಚಿತ್ರವನ್ನು ನೀವು ನೋಡಿರಬಹುದು. ಅದನ್ನು ನೋಡಿ ನಗುವವರಿದ್ದಾರೆ. ಆದರೆ ಲೋಹದ ಲಾರಿ ಆ ಪರೀಕ್ಷೆಗೆ ಅಡ್ಡಿಯಾಗುತ್ತಿತ್ತು. ಮರದ ಗಾಡಿಯನ್ನು ಬೇಕೆಂದೇ ಆರಿಸಿದ್ದರು. ಮರುವರ್ಷ, 1982ರಲ್ಲಿ, ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳಲು ನಮ್ಮ ಹಾಸನದಲ್ಲಿ ನಿಯಂತ್ರಣ ಕೇಂದ್ರ ಶುರುವಾಯಿತು. ಸೂರ್ಯಚಂದ್ರರ ಎಳೆತಕ್ಕೆ ಸಿಕ್ಕಿ ಉಪಗ್ರಹ ತನ್ನ ಜಾಗದಿಂದ ಮೆಲ್ಲಗೆ ಜಾರುತ್ತದೆ. ಅದನ್ನು ಮತ್ತೆ ಮತ್ತೆ ಸ್ವಸ್ಥಾನಕ್ಕೆ ತರುವುದು ಇಂಥ ಕೇಂದ್ರದ ಕೆಲಸ.

ಬೆಳಕಿನ ಪಾಲು, ಯಂತ್ರದ ಪಾಲು

ರೇಡಿಯೋ ತರಂಗಕ್ಕೆ ಬೆಳಕಿನದೇ ವೇಗ: ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಮೇಲೆ ಹೋಗಿ ಕೆಳಗೆ ಬರುವ ದಾರಿ 72,000 ಕಿಲೋಮೀಟರ್. ಭಾಗಿಸಿದರೆ 0.24 ಸೆಕೆಂಡು. ಅಂದಾಜಿಗೆ ಕಾಲು ಸೆಕೆಂಡು. ಇದಕ್ಕಿಂತ ಬೇಗ ತಲುಪಿಸಲು ಯಾವ ಎಂಜಿನಿಯರಿನಿಂದಲೂ ಆಗದು, ಯಾವ ಮಂತ್ರಿಗಳ ಶಿಫಾರಸೂ ನಡೆಯದು.

ಆದರೆ ನಿಮ್ಮ ಮನೆಯ ಬೌಲರ್ ಕಾಲು ಸೆಕೆಂಡಲ್ಲ, ಹಲವು ಸೆಕೆಂಡು ಹಿಂದಿದ್ದ. ಉಳಿದದ್ದು ಯಂತ್ರಗಳ ಪಾಲು. ನಮ್ಮಲ್ಲಿ ಸೆಕೆಂಡಿಗೆ 25 ಚಿತ್ರಗಳ ಲೆಕ್ಕದಲ್ಲಿ ಟಿ.ವಿ. ಕೆಲಸ ಶುರು ಮಾಡಿತು. ಎಲ್ಲ ಚಿತ್ರಗಳನ್ನೂ ಇಡಿಯಾಗಿ ಕಳಿಸಿದರೆ ಹೊರೆ ವಿಪರೀತ. ಆದ್ದರಿಂದ ಡಿಜಿಟಲ್ ಯಂತ್ರವು ಒಂದು ಚಿತ್ರವನ್ನು ಪೂರ್ತಿ ಕಳಿಸಿ, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಹುಲ್ಲು ಅದೇ ಹುಲ್ಲು, ಚೆಂಡು ಮಾತ್ರ ಸರಿದಿದೆ. ಬದಲಾದದ್ದು ಯಾವುದೆಂದು ಚೆನ್ನಾಗಿ ತಿಳಿಯಲು ಅದು ಹಿಂದಿನ ಚಿತ್ರವನ್ನಷ್ಟೇ ಅಲ್ಲ, ಮುಂದಿನ ಚಿತ್ರಗಳನ್ನೂ ನೋಡಬೇಕು. ಮುಂದಿನವು ಬರುವವರೆಗೆ ಕಾಯದೆ ನೋಡುವುದು ಹೇಗೆ? ಹೀಗೆ ಕಟ್ಟುವಲ್ಲಿ ಕಾಯಬೇಕು, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಬಿಚ್ಚುವಲ್ಲಿಯೂ ಕಾಯಬೇಕು. ನಡುವೆ ಕೇಬಲ್‌ನವರು ಇನ್ನೊಮ್ಮೆ ಬಿಚ್ಚಿ ಕಟ್ಟಿದರೆ ಇನ್ನಷ್ಟು ಹೊತ್ತು.

ಮೊಬೈಲಿನದು ಬೇರೆಯೇ ಕತೆ. ಅಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೆರಡು ತುಂಡು ಕೈಯಲ್ಲಿ ಕೂಡಿದ ಮೇಲೆಯೇ ನಿಮ್ಮ ಫೋನು ತೋರಿಸಲು ಶುರು ಮಾಡುತ್ತದೆ. ಸಂತೆಯ ದಿನ ಸೀಟು ಭರ್ತಿಯಾಗದೆ ಹೊರಡದ ಟೆಂಪೋ ಇದ್ದಂತೆ. ಹೀಗಾಗಿ ಪಕ್ಕದ ಮನೆಯವರು ಡಿಶ್‌ನಲ್ಲಿ ನೋಡುತ್ತಿದ್ದು, ನೀವು ಮೊಬೈಲಿನಲ್ಲಿ ನೋಡುತ್ತಿದ್ದರೆ, ಅವರು ಕುಣಿದು ಕುಳಿತ ಮೇಲೆ ನಿಮ್ಮ ಬೌಲರ್ ಓಡಲಾರಂಭಿಸುತ್ತಾನೆ.

ಒಂದು ಬಜರ್, ಒಂದು ಪ್ರಶ್ನೆ

ಇದರಲ್ಲಿ ನಷ್ಟವೇನು, ಸಿಕ್ಸರ್ ನಾಲ್ಕು ಸೆಕೆಂಡು ತಡವಾಗಿ ಕಂಡರೆ ಆಕಾಶ ಬೀಳುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಈ ಕಾಲು ಸೆಕೆಂಡಿನಿಂದ ನನ್ನ ಕೈಯಲ್ಲೇ ಒಂದು ಅನ್ಯಾಯ ನಡೆದುಹೋಯಿತು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತ್ತು. ದೂರದ ಊರಿನ ತರಗತಿಗಳೊಡನೆ ಸ್ಟುಡಿಯೋದಿಂದ ಮಾತಾಡುವುದೆಂದರೆ ಆಗ ಎಲ್ಲರಿಗೂ ಉತ್ಸಾಹ. ನಾನು ಕೆಲಸಕ್ಕೆ ಹೊಸಬ. ಆಗ ನಾನಿದ್ದ ಕಡೆ ಒಂದು ರಸಪ್ರಶ್ನೆ ಏರ್ಪಡಿಸಿದೆವು. ಒಂದು ತಂಡ ಸ್ಟುಡಿಯೋದಲ್ಲಿ, ಇನ್ನೊಂದು ತಂಡ ನೂರಾರು ಮೈಲಿ ದೂರದ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ಪ್ರಶ್ನೆ ಉಪಗ್ರಹದ ಮೂಲಕ ಅವರಿಗೆ ಹೋಗಬೇಕು, ಅವರ ಬಜರ್ ಅದೇ ದಾರಿಯಲ್ಲಿ ನಮಗೆ ಬರಬೇಕು.

ಬರೆದು ಉತ್ತರಿಸುವ ಸುತ್ತಿನಲ್ಲಿ ಎರಡೂ ತಂಡ ಸಮಸಮ. ಬಜರ್ ಸುತ್ತು ಬಂದಾಗ ಹತ್ತು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಸ್ಟುಡಿಯೋ ತಂಡದ ದೀಪವೇ ಮೊದಲು ಹೊತ್ತಿತು. ಹತ್ತನೆಯದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನಡುವೆ ಆ ಕಡೆಯ ತಂಡದ ಹುಡುಗಿಯೊಬ್ಬಳು ಕೈ ಎತ್ತಿ, “ಸರ್, ನಾವು ಒತ್ತಿದ್ದು ನಿಮಗೆ ಯಾವಾಗ ಕಾಣಿಸ್ತದ್ರೀ?” ಎಂದು ಕೇಳಿದಳು. ನಾನು ಕಂಟ್ರೋಲ್ ರೂಮಿನಲ್ಲಿದ್ದೆ. “ಸಮಯವಿಲ್ಲ, ಮುಂದಿನ ಪ್ರಶ್ನೆಗೆ ಹೋಗಿ” ಎಂದು ಮೈಕಿನಲ್ಲಿ ಹೇಳಿದೆ.

ಕಾರ್ಯಕ್ರಮ ಮುಗಿಯಿತು. ಕ್ಯಾಂಟೀನಿನಲ್ಲಿ ಯಾರೋ, “ಹಳ್ಳಿ ಕಡೆ ಮಕ್ಕಳು, ಸ್ವಲ್ಪ ನಿಧಾನ” ಎಂದರು. ನಾನು ತಲೆಯಾಡಿಸಿದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ತಲೆ ಅದು!

ನಮ್ಮ ಧ್ವನಿ ವಿಭಾಗದ ಹಿರಿಯರೊಬ್ಬರು ಟೀ ಲೋಟ ಪಕ್ಕಕ್ಕಿಟ್ಟು, ಒಂದು ಸ್ಕೇಲನ್ನು ನನ್ನ ಬೆರಳುಗಳ ನಡುವೆ ನೇತುಹಾಕಿ ಹಿಡಿದು, “ಬಿಡ್ತೀನಿ, ಹಿಡ್ಕೊಳ್ಳಿ” ಎಂದರು. 24 ಸೆಂಟಿಮೀಟರ್ ಬಿದ್ದ ಮೇಲೆ ಹಿಡಿದೆ. “ಎಷ್ಟು ಹೊತ್ತಾಯಿತು ಹೇಳಿ” ಎಂದರು. ಬೀಳುವ ವಸ್ತುವಿನ ಸೂತ್ರ ನಿಮಗೆ ಗೊತ್ತೇ ಇದೆ. ದೂರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಮಯ. 0.48ನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದೆ: 0.22 ಸೆಕೆಂಡು. “ಅದು ನಿಮ್ಮ ಚುರುಕು. ಈಗ ಆ ಮಕ್ಕಳದ್ದು ಲೆಕ್ಕ ಹಾಕಿ” ಎಂದರು.

ಪ್ರಶ್ನೆ ಅವರನ್ನು ತಲುಪಲು 0.24 ಸೆಕೆಂಡು. ಬಜರ್ ಹಿಂದಕ್ಕೆ ಬರಲು ಇನ್ನೊಂದು 0.24. ಒಟ್ಟು 0.48. ಯಂತ್ರಗಳು ತಿನ್ನುವ ಸಮಯ ಬೇರೆ. ಎರಡೂ ತಂಡಗಳಿಗೆ ಉತ್ತರ ಗೊತ್ತಿದೆ ಎಂದುಕೊಳ್ಳಿ. ಪ್ರಶ್ನೆಯ ಕೊನೆಯ ಪದ ಬಿದ್ದ 0.22 ಸೆಕೆಂಡಿಗೆ ಸ್ಟುಡಿಯೋದ ಹುಡುಗ ಬಜರ್ ಒತ್ತುತ್ತಾನೆ. ಆ ಹೊತ್ತಿಗೆ ಆ ಕೊನೆಯ ಪದ ಆ ಹುಡುಗಿಯ ಕಿವಿಯನ್ನೇ ಮುಟ್ಟಿಲ್ಲ. ಕೇಳಿದ ಕೂಡಲೇ, ಶೂನ್ಯ ಸಮಯದಲ್ಲಿ, ಅವಳು ಒತ್ತಿದರೂ ನಮ್ಮ ದೀಪ ಹೊತ್ತುವುದು 0.48 ಸೆಕೆಂಡಿಗೆ. ಜಗತ್ತಿನ ಅತ್ಯಂತ ಚುರುಕಾದ ಮನುಷ್ಯನನ್ನು ಅಲ್ಲಿ ಕೂರಿಸಿದ್ದರೂ ಸೋಲುತ್ತಿದ್ದ. ನಾವು ಅಳೆದದ್ದು ಮಕ್ಕಳ ಬುದ್ಧಿಯನ್ನಲ್ಲ, ಉಪಗ್ರಹದ ಎತ್ತರವನ್ನು.

ಆ ಹುಡುಗಿ ಕೇಳಿದ್ದು ಇದನ್ನೇ. ಅಂದಿನ ಎಲ್ಲ ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆ ಅದು. ನಮ್ಮ ರಸಪ್ರಶ್ನೆಯಲ್ಲಿ ಅದಕ್ಕೆ ಅಂಕವಿರಲಿಲ್ಲ.

ಪ್ರಸಾರವಾದ ಕಾರ್ಯಕ್ರಮವನ್ನು ಹಿಂದಕ್ಕೆ ಪಡೆಯಲಾಗಲಿಲ್ಲ. ಆ ಕಾಲೇಜಿಗೆ ಪತ್ರ ಬರೆದು ತಪ್ಪು ಒಪ್ಪಿಕೊಂಡೆ. ಮುಂದಿನ ಸರಣಿಯಲ್ಲಿ ಬಜರ್ ತೆಗೆದುಹಾಕಿದೆವು. ಎರಡೂ ತಂಡಕ್ಕೆ ಸ್ಲೇಟು ಬಳಪ ಕೊಟ್ಟು, ಉತ್ತರ ಬರೆಯಲು ಹತ್ತು ಸೆಕೆಂಡು ಇಟ್ಟೆವು. ಆ ಹತ್ತು ಸೆಕೆಂಡನ್ನು ಎರಡೂ ಕಡೆ, ಪ್ರಶ್ನೆ ಕೇಳಿ ಮುಗಿದಾಗಿನಿಂದ, ಅಲ್ಲಲ್ಲೇ ಎಣಿಸಿದರು. ಉಪಗ್ರಹದ ಯುಗದ ಸಮಸ್ಯೆಯನ್ನು ಎರಡು ಸ್ಲೇಟು ಬಗೆಹರಿಸಿದವು.

ಮೊದಲೇ ಲೆಕ್ಕ ಹಾಕಿದವರು

2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳನೌಕೆ ಮಂಗಳನ ಕಕ್ಷೆ ಸೇರಿತು. ಅಲ್ಲಿಂದ ಸಂಕೇತ ಭೂಮಿಗೆ ಬರಲು ಅಂದು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ‘ಈಗ ಎಂಜಿನ್ ಹೊತ್ತಿಸು’ ಎಂದು ಬೆಂಗಳೂರಿನಿಂದ ಹೇಳಿ, ಅದು ಕೇಳಿ, ‘ಆಯಿತು’ ಎಂದು ಉತ್ತರಿಸುವಷ್ಟರಲ್ಲಿ 24 ನಿಮಿಷ ದಾಟಿರುತ್ತಿತ್ತು. ಆದ್ದರಿಂದ ಮಾಡಬೇಕಾದ ಕೆಲಸಗಳ ಆದೇಶವನ್ನು ದಿನಗಳ ಮೊದಲೇ ನೌಕೆಗೆ ತುಂಬಿಸಿಟ್ಟಿದ್ದರು. ಆ ಹೊತ್ತಿನಲ್ಲಿ ನೌಕೆ ಸುಮ್ಮನಿದ್ದದ್ದನ್ನು ಕಂಡು ಅದು ದಡ್ಡ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಮೌನದಲ್ಲಿ ದೂರದ ಪಾಲೆಷ್ಟು ಎಂದು ಅವರು ಮೊದಲೇ ಲೆಕ್ಕ ಹಾಕಿದ್ದರು. ನಾನು ಹಾಕಿರಲಿಲ್ಲ.

ಈಗ ನಿಮಗೆ ಎರಡು ಕೆಲಸ. ಮೊದಲನೆಯದು, ಗೆಳೆಯರ ಕೈಗೆ ಸ್ಕೇಲು ಕೊಟ್ಟು ನಿಮ್ಮ ಚುರುಕನ್ನು ಅಳೆಯಿರಿ. ಒಂದೇ ಸಲಕ್ಕೆ ತೀರ್ಮಾನ ಬೇಡ, ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಎರಡನೆಯದು, ಮುಂದಿನ ಪಂದ್ಯದ ದಿನ ಪಕ್ಕದ ಮನೆಯ ಕೂಗಿಗೂ ನಿಮ್ಮ ಟಿ.ವಿ.ಯ ಸಿಕ್ಸರಿಗೂ ನಡುವೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡಿ. ಅದರಲ್ಲಿ ಬೆಳಕಿನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ವಿಂಗಡಿಸಿ. ಪಕ್ಕದ ಮನೆಯವರು ಕೂಗುವುದಕ್ಕೆ ತೆಗೆದುಕೊಂಡ 0.2 ಸೆಕೆಂಡನ್ನು ಸೇರಿಸಲು ಮರೆಯಬೇಡಿ.

ಇನ್ನು ಮುಂದೆ ವಾರ್ತೆಯಲ್ಲಿ ದೂರದೂರಿನ ವರದಿಗಾರ, ಪ್ರಶ್ನೆ ಕೇಳಿದ ಮೇಲೂ ಮೈಕು ಹಿಡಿದು ಕಲ್ಲಿನಂತೆ ನಿಂತಿದ್ದರೆ, ‘ಇವನಿಗೇನು ಕಿವುಡೇ?’ ಎನ್ನುವ ಮೊದಲು ಒಂದು ಕ್ಷಣ ತಡೆಯಿರಿ. ಪ್ರಶ್ನೆ ಇನ್ನೂ ದಾರಿಯಲ್ಲಿರಬಹುದು.