ಕ್ರಯಪತ್ರದಲ್ಲಿ ಕಾಣದ ದೋಷಗಳು

ಮನೆ, ನಿವೇಶನ, ಜಮೀನು ಇವುಗಳಲ್ಲಿ ಅಡಗಿರುವ ದೋಷಗಳು ಎರಡು ಬಗೆಯವು. ಒಂದು, ಸ್ವತ್ತಿನಲ್ಲೇ ಇರುವ ದೋಷ: ಗೋಡೆಯೊಳಗೆ ಸೋರುವ ಪೈಪು, ಮಣ್ಣು ತುಂಬಿ ಮಟ್ಟ ಮಾಡಿದ ಹಳೆಯ ಕೆರೆಯಂಗಳ, ಕಾಂಕ್ರೀಟಿನೊಳಗೆ ತುಕ್ಕು ಹಿಡಿದ ಕಂಬಿ. ಇನ್ನೊಂದು, ಹಕ್ಕಿನಲ್ಲಿರುವ ದೋಷ: ಪತ್ರಕ್ಕೆ ಸಹಿ ಹಾಕದೆ ಉಳಿದ ತಂಗಿ, ತೀರದ ಬ್ಯಾಂಕ್ ಸಾಲ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ. ಮೊದಲನೆಯದು ಒಂದೆರಡು ಮಳೆಗಾಲದಲ್ಲಿ ತಾನಾಗಿ ಹೊರಬೀಳುವುದೇ ಹೆಚ್ಚು. ಎರಡನೆಯದಕ್ಕೆ ಅಂಥ ಅವಸರವಿಲ್ಲ. ಹತ್ತಾರು ವರ್ಷ ಸುಮ್ಮನಿದ್ದು, ಸ್ವತ್ತನ್ನು ಮತ್ತೆ ಮಾರಲು ಅಥವಾ ಅದರ ಮೇಲೆ ಸಾಲ ತೆಗೆಯಲು ಹೋದಾಗ ಎದುರು ಬಂದು ನಿಲ್ಲುತ್ತದೆ.

ಇಂಥ ದೋಷವನ್ನು ಬಾಯಿಬಿಟ್ಟು ಹೇಳುವ ಹೊಣೆ ಯಾರದು ಎಂಬ ಪ್ರಶ್ನೆಗೆ ಭಾರತದಲ್ಲಿ 1882ರಿಂದಲೇ ಉತ್ತರವಿದೆ. ಆ ವರ್ಷ ಬಂದ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾರುವವನ ಮೇಲೆ ಹೊರಿಸುವ ಮೊದಲ ಹೊಣೆಯೇ ಇದು. ಸ್ವತ್ತಿನಲ್ಲಾಗಲಿ ಅದರ ಮೇಲಿನ ತನ್ನ ಹಕ್ಕಿನಲ್ಲಾಗಲಿ ಇರುವ ಮಹತ್ವದ ದೋಷವನ್ನು ಅವನು ಕೊಳ್ಳುವವನಿಗೆ ತಿಳಿಸಬೇಕು. ಆದರೆ ಈ ಹೊಣೆ ಹುಟ್ಟಬೇಕಾದರೆ ಆ ದೋಷ ಮಾರುವವನಿಗೆ ಗೊತ್ತಿರಬೇಕು, ಕೊಳ್ಳುವವನಿಗೆ ಗೊತ್ತಿರಬಾರದು, ಜೊತೆಗೆ ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಹುಡುಕಿದ್ದರೂ ಅದು ಸಿಗುವಂತಿರಬಾರದು. ಹೀಗಿದ್ದೂ ಬಾಯಿ ಮುಚ್ಚಿಕೊಂಡರೆ ಅದು ಮೋಸ ಎಂದು ಅದೇ ಸೆಕ್ಷನ್ ಕೊನೆಯಲ್ಲಿ ಹೇಳುತ್ತದೆ.

ಮೌನವನ್ನು ಮೋಸವೆನ್ನುವುದು ಸಣ್ಣ ಮಾತಲ್ಲ. ಈ ಕಾಯ್ದೆಗಿಂತ ಹತ್ತು ವರ್ಷ ಹಿಂದಿನ, ಅಂದರೆ 1872ರ ಕರಾರು ಕಾಯ್ದೆ ಬರೀ ಮೌನವನ್ನು ಸಾಮಾನ್ಯವಾಗಿ ಮೋಸವೆಂದು ಎಣಿಸುವುದಿಲ್ಲ. ಅದರ 17ನೇ ಸೆಕ್ಷನ್ ಕೊಡುವ ಉದಾಹರಣೆ ಒಂದು ಕುದುರೆಯದು. ಕುದುರೆಗೆ ಊನವಿದೆ ಎಂದು ಗೊತ್ತಿದ್ದೂ ಅದನ್ನು ಹರಾಜಿನಲ್ಲಿ ಮಾರಿದವನು ಏನೂ ಹೇಳದಿದ್ದರೆ ಮೋಸವಲ್ಲ. ಕೊಂಡವಳು ಈಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಮಾತ್ರ, ಆ ಸಂಬಂಧದಿಂದಾಗಿ, ಹೇಳುವ ಹೊಣೆ ಬರುತ್ತದೆ. ಮೂರನೆಯ ಉದಾಹರಣೆ ಇನ್ನೂ ಉಪಯುಕ್ತ. ಇಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಬಾಯಿಬಿಟ್ಟು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನಿವೇಶನ ಕೊಳ್ಳುವವರು ಈ ಹಳೆಯ ಕುದುರೆಯಿಂದ ಕಲಿಯಬೇಕಾದದ್ದು ಇಷ್ಟು: ಮಾರುವವರನ್ನು ನೇರವಾಗಿ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು. ದಾವೆ ಇದೆಯೇ, ಬೇರೆ ಯಾರೊಂದಿಗಾದರೂ ಕರಾರು ಆಗಿದೆಯೇ, ಮಳೆಗೆ ನೀರು ನುಗ್ಗಿತ್ತೇ ಎಂದು ಕೇಳಿಟ್ಟುಕೊಂಡ ಒಂದು ವಾಟ್ಸಾಪ್ ಸಂದೇಶವೂ ಮುಂದೆ ಕೆಲಸಕ್ಕೆ ಬರಬಹುದು.

ಹೇಳುವ ಹೊಣೆ ಹುಟ್ಟಲು 55ನೇ ಸೆಕ್ಷನ್ ಇಡುವ ಮೂರು ಷರತ್ತುಗಳಲ್ಲಿ ಬಹಳ ಮಂದಿ ಎಡವುವುದು ಕೊನೆಯದರಲ್ಲಿ. ಹುಡುಕಿದರೂ ಸಿಗದ್ದು ಮಾತ್ರ ಕಾನೂನಿನ ಲೆಕ್ಕದಲ್ಲಿ ಅಡಗಿದ ದೋಷ; ಹುಡುಕದೆ ಬಿಟ್ಟದ್ದಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಮಾಡಬೇಕಾದ ವಿಚಾರಣೆಯನ್ನು ಬೇಕೆಂದೇ ಮಾಡದವನಿಗೂ ತೀರಾ ಅಲಕ್ಷ್ಯ ತೋರಿದವನಿಗೂ ವಿಷಯ ಗೊತ್ತಿತ್ತು ಎಂದೇ ಭಾವಿಸಲಾಗುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಪತ್ರ ಕೊಳ್ಳುವವನ ಕಣ್ಣಿಗೆ ಬಿದ್ದಿರಲಿ ಬಿಡಲಿ, ಅದು ಅವನಿಗೆ ತಿಳಿದಂತೆಯೇ ಲೆಕ್ಕ. ಜಾಗದಲ್ಲಿ ಬೇರೊಬ್ಬರು ವಾಸವಿದ್ದರೆ ಅಥವಾ ಉಳುತ್ತಿದ್ದರೆ ಅವರ ಹಕ್ಕೂ ಅವನಿಗೆ ಗೊತ್ತಿದ್ದಂತೆ. ಕಾಗದಗಳನ್ನೆಲ್ಲ ವಕೀಲರ ಮೇಜಿನ ಮೇಲೆ ಹರಡಿ ನೋಡಿ, ಜಾಗಕ್ಕೆ ಒಮ್ಮೆಯೂ ಕಾಲಿಡದೆ ಮುಂಗಡ ಕೊಟ್ಟವರಿಗೆ ಈ ನಿಯಮ ಕಹಿಯಾಗಿಯೇ ಇರುತ್ತದೆ.

ನ್ಯೂಯಾರ್ಕ್ ರಾಜ್ಯದ ನ್ಯಾಯಾಲಯವೊಂದು 1991ರಲ್ಲಿ ಕೊಟ್ಟ ತೀರ್ಪು ಹುಡುಕಿದರೂ ಸಿಗದ ದೋಷ ಎಂದರೇನು ಎಂಬುದನ್ನು ತಮಾಷೆಯಾಗಿ ತೋರಿಸುತ್ತದೆ. ತನ್ನ ಮನೆಯಲ್ಲಿ ದೆವ್ವಗಳಿವೆ ಎಂದು ಪತ್ರಿಕೆಗಳಲ್ಲಿ ಪ್ರಚಾರ ಮಾಡಿದ್ದ ಒಡತಿಯೊಬ್ಬಳು, ಮನೆ ಮಾರುವಾಗ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಕೊಂಡವನು ಹೊರಗಿನವನು. ಎಷ್ಟೇ ಎಚ್ಚರದಿಂದ ಮನೆ ಪರೀಕ್ಷಿಸಿದರೂ ಇಂಥದ್ದು ತಿಳಿಯುವಂತಿರಲಿಲ್ಲ ಎಂದು ನ್ಯಾಯಾಲಯ ಅವನಿಗೆ ಒಪ್ಪಂದದಿಂದ ಹೊರಬರಲು ಅವಕಾಶ ಕೊಟ್ಟಿತು. ದೆವ್ವ ಇದೆಯೋ ಇಲ್ಲವೋ ಎಂಬುದಕ್ಕಿಂತ, ಹುಡುಕಿದರೆ ಸಿಗುತ್ತಿತ್ತೇ ಎಂಬುದೇ ಅಲ್ಲಿ ತೂಕ ಪಡೆಯಿತು. ಮನೆ ಆಗಿಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ನೆರೆಹೊರೆಯವರಿಂದಲೇ ಕಿವಿಗೆ ಬೀಳುತ್ತದೆಯಾದ್ದರಿಂದ ಆ ವಾದ ಇಲ್ಲಿ ನಿಲ್ಲುವುದು ಕಷ್ಟವೇನೋ.

ಹುಡುಕಾಟ ಸಾಮಾನ್ಯವಾಗಿ ಶುರುವಾಗುವುದು ಇಸಿಯಿಂದ, ಅಂದರೆ ಋಣಭಾರ ಪ್ರಮಾಣಪತ್ರದಿಂದ. ಸ್ವತ್ತಿನ ಮೇಲೆ ನೋಂದಣಿಯಾದ ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ. ಕರ್ನಾಟಕದಲ್ಲಿ 2004ರಿಂದ ಈಚಿನ ವಹಿವಾಟುಗಳನ್ನು ಕಾವೇರಿ ಜಾಲತಾಣದಲ್ಲಿ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಪುಸ್ತಕಗಳೇ ಗತಿ. ವಕೀಲರು ಮೂವತ್ತು ವರ್ಷಗಳ ಇಸಿ ಕೇಳುವುದು ವಾಡಿಕೆ. ಆದರೆ ನಮೂನೆ 16 ಕೈಗೆ ಬಂದ ಕೂಡಲೇ ಸ್ವತ್ತು ಶುದ್ಧ ಎಂದು ನಿಟ್ಟುಸಿರು ಬಿಡುವುದು ತಪ್ಪು. ಇಸಿ ತೋರಿಸುವುದು ನೋಂದಣಿಯಾದದ್ದನ್ನು ಮಾತ್ರ. ಉಯಿಲನ್ನು ನೋಂದಾಯಿಸಲೇಬೇಕೆಂದಿಲ್ಲ. ಮನೆಯವರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಅದರಲ್ಲಿ ಬರುವುದಿಲ್ಲ. ಬೇರೆ ಊರಿನ ನ್ಯಾಯಾಲಯದಲ್ಲಿ ಹೂಡಿದ ದಾವೆಯ ಸುಳಿವೂ ಅಲ್ಲಿ ಸಿಗದಿರಬಹುದು; ಹಾಗಿದ್ದೂ ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಬದ್ಧ ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್. ಸರ್ವೆ ನಂಬರನ್ನೋ ಮನೆ ನಂಬರನ್ನೋ ಹಳೆಯ ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ, ನೋಂದಣಿಯಾದ ವಹಿವಾಟೂ ಶೋಧನೆಗೆ ಸಿಗದೆ ಜಾರಿಕೊಳ್ಳುತ್ತದೆ.

ಬ್ಯಾಂಕಿನಲ್ಲಿ ಮೂಲಪತ್ರ ಒತ್ತೆ ಇಟ್ಟು ತೆಗೆದ ಸಾಲದ ಕಥೆಯೂ ಇಂಥದ್ದೇ. ಪತ್ರಗಳನ್ನು ಒಪ್ಪಿಸಿದರೇ ಅಡಮಾನ ಆದಂತೆ. ಮಾರುವವರು ಜೆರಾಕ್ಸ್ ಪ್ರತಿಗಳನ್ನಷ್ಟೇ ತೋರಿಸಿ, ಮೂಲ ಊರಲ್ಲಿದೆ, ಬೀರುವಿನಲ್ಲಿದೆ ಎನ್ನತೊಡಗಿದರೆ ಅನುಮಾನಕ್ಕೆ ಕಾರಣವಿದೆ. ಇಂಥ ಅಡಮಾನಗಳ ದಾಖಲೆಗೆಂದೇ 2011ರಲ್ಲಿ ಸರ್ಸಾಯ್ ಎಂಬ ಕೇಂದ್ರೀಯ ನೋಂದಣಿ ವ್ಯವಸ್ಥೆ ಬಂದಿದೆ. ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ಅಲ್ಲಿ ಹುಡುಕಬಹುದಾದರೂ ಅದನ್ನು ಬಳಸುವವರು ಹೆಚ್ಚಾಗಿ ಬ್ಯಾಂಕಿನವರು. ಕೃಷಿ ಜಮೀನಾದರೆ ಪಹಣಿಯ 11ನೇ ಕಲಂ ನೋಡಬೇಕು. ಸಾಲ, ಇತರ ಹಕ್ಕು, ಋಣಗಳು ಕೂರುವುದು ಅಲ್ಲಿ.

ಕರ್ನಾಟಕದ ಕುಟುಂಬದ ಆಸ್ತಿಗಳಲ್ಲಿ ಅತಿ ಹೆಚ್ಚು ತೊಡಕು ತರುವ ಅಡಗಿದ ದೋಷ ಹೆಣ್ಣುಮಕ್ಕಳ ಪಾಲಿನದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ರಾಜ್ಯ 1994ರಲ್ಲೇ ತಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಮಾರಾಟ, ನೋಂದಾಯಿತ ವಿಭಾಗಗಳಿಗೆ ರಕ್ಷಣೆ ಇದೆ. ಅದರ ನಂತರ ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ ಜಮೀನಿನಲ್ಲಿ, ಬೇರೆ ಊರಿಗೆ ಕೊಟ್ಟ ಅಕ್ಕತಂಗಿಯರ ಪಾಲು ಇಸಿಗೂ ಪಹಣಿಗೂ ಕಾಣದೆ ಉಳಿದಿರಬಹುದು. ಇದನ್ನು ಹೊರಗೆಳೆಯುವ ಸಾಧನ ವಂಶವೃಕ್ಷ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟಿರುವುದೂ ಉಂಟು; ಊರಲ್ಲಿ ನಾಲ್ಕು ಜನರನ್ನು ವಿಚಾರಿಸಿದರೆ ಗೊತ್ತಾಗುವ ಸಂಗತಿ ಅದು. ಆಕ್ಷೇಪಣೆ ಕೋರಿ ವಕೀಲರು ಪತ್ರಿಕೆಗಳಲ್ಲಿ ಹಾಕಿಸುವ ಸಾರ್ವಜನಿಕ ಪ್ರಕಟಣೆಯ ಉದ್ದೇಶವೂ ಇಂಥವರನ್ನು ತಲುಪುವುದೇ, ಅವರು ಆ ಪುಟ ಓದುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು.

ಮಂಜೂರಾತಿ ಜಮೀನಿನ ದೋಷ ಇನ್ನೂ ಆಳದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡಿದರೆ, ಪಿಟಿಸಿಎಲ್ ಎಂದೇ ಹೆಸರಾದ 1978ರ ಕಾಯ್ದೆಯ ಪ್ರಕಾರ ಆ ಮಾರಾಟವೇ ಅನೂರ್ಜಿತ. ಆಮೇಲೆ ಎಷ್ಟು ಕೈ ಬದಲಾದರೂ ಜಮೀನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಬಹುದು. ಜಮೀನು ಮರಳಿ ಕೋರುವ ಅರ್ಜಿಗೆ ಕಾಲಮಿತಿ ಅನ್ವಯಿಸದು ಎಂದು 2023ರ ತಿದ್ದುಪಡಿ ಹೇಳಿದೆ. ಆದ್ದರಿಂದ ಇಂದಿನ ಮಾಲೀಕರ ಹೆಸರಿಗಿಂತ, ಆ ಸರ್ವೆ ನಂಬರು ಮೊದಲು ಯಾರಿಗೆ ಹೇಗೆ ಬಂತು ಎಂಬುದೇ ಮುಖ್ಯ.

ಕೆಲವೊಮ್ಮೆ ಸರ್ಕಾರಿ ಕಚೇರಿಗಳ ಮುದ್ರೆಗಳೇ ದೋಷವನ್ನು ಮರೆಮಾಡುತ್ತವೆ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ, ನಕ್ಷೆ ಮಂಜೂರಾತಿ, ಖಾತೆ, ಬ್ಯಾಂಕ್ ಸಾಲ ಎಲ್ಲವೂ ಇದ್ದ ಮನೆಗಳೂ ನೆಲಕ್ಕುರುಳಿದವು. ಖಾತೆ ಎಂಬುದು ತೆರಿಗೆ ಕಟ್ಟುವವರ ದಾಖಲೆ. ಅದು ಹಕ್ಕನ್ನು ಸೃಷ್ಟಿಸುವುದಿಲ್ಲ. ಬ್ಯಾಂಕ್ ಸಾಲ ಕೊಟ್ಟಿದೆ ಎಂಬುದು ಬ್ಯಾಂಕಿನ ಧೈರ್ಯವನ್ನಷ್ಟೇ ತೋರಿಸುತ್ತದೆ. ಕಾಲುವೆ ಎಲ್ಲಿ ಹರಿಯುತ್ತಿತ್ತು, ಖರಾಬು ಎಲ್ಲಿತ್ತು ಎಂಬುದನ್ನು ತಿಳಿಯಲು ಹಳೆಯ ಗ್ರಾಮ ನಕ್ಷೆ ಮತ್ತು ಆಕಾರ್‌ಬಂದ್, ಟಿಪ್ಪಣಿಗಳಂಥ ಸರ್ವೆ ದಾಖಲೆಗಳನ್ನು ನೋಡಬೇಕು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಜಾಗದಲ್ಲೇ ನಿಂತು ಸರ್ವೆ ನಂಬರನ್ನು ಹೊಂದಿಸಿ ನೋಡಲು ಬರುತ್ತದೆ. ಇನ್ನು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ಮಾರುವ ನಿವೇಶನಗಳು: ಜಿಪಿಎ, ಕರಾರುಪತ್ರ, ಉಯಿಲು ಮೂರನ್ನೂ ಸೇರಿಸಿ ಕೊಟ್ಟರೂ ಒಡೆತನ ವರ್ಗವಾಗುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಕಟ್ಟಡದ ದೋಷಗಳಿಗೆ ಬಂದರೆ, ಮಾರುವ ಮುನ್ನ ಬಳಿದ ಹೊಸ ಬಣ್ಣವೇ ಅನೇಕ ಸಲ ಮೊದಲ ಸುಳಿವು. ಅದರಲ್ಲೂ ಒಂದೇ ಕೋಣೆಗೆ, ಒಂದೇ ಗೋಡೆಗೆ ಬಣ್ಣ ಬಿದ್ದಿದ್ದರೆ. ಮನೆಯನ್ನು ಮಳೆಗಾಲದಲ್ಲಿ ನೋಡಬೇಕು, ಕೊಳವೆಬಾವಿಯನ್ನು ಏಪ್ರಿಲ್, ಮೇ ತಿಂಗಳಲ್ಲಿ. ಗಿಲಾವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಗೋಡೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದಕ್ಕೆ ತಕ್ಕ ಪಾಯ ಹಾಕದ ಮನೆಯಲ್ಲಿ ಕಿಟಕಿ ಮೂಲೆಗಳಿಂದ ಓರೆ ಬಿರುಕು ಏಳುತ್ತದೆ, ಬಾಗಿಲು ಒಂದು ಕಾಲದಲ್ಲಿ ಹಾಕಿಕೊಂಡು ಇನ್ನೊಂದು ಕಾಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಹಿಡಿದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಒತ್ತಿ ಕಾಂಕ್ರೀಟನ್ನೇ ಸೀಳುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಕಣ್ಣಿಗೆ ಕಾಣದ ಈ ಹಂತವನ್ನು ಎಂಜಿನಿಯರುಗಳು ಉಪಕರಣಗಳಿಂದ ಅಳೆಯುತ್ತಾರೆ. ರಿಬೌಂಡ್ ಹ್ಯಾಮರ್ ಮೇಲ್ಮೈಯ ಗಡಸುತನವನ್ನಷ್ಟೇ ಹೇಳುತ್ತದೆ. ಶ್ರವಣಾತೀತ ತರಂಗ ಹಾಯಿಸಿದರೆ ಒಳಗಿನ ಪೊಳ್ಳು, ಬಿರುಕುಗಳು ತಿಳಿಯುತ್ತವೆ. ಸಂಶಯ ಉಳಿದರೆ ಕಾಂಕ್ರೀಟಿನ ತುಂಡನ್ನೇ ಕೊರೆದು ತೆಗೆದು ಪ್ರಯೋಗಾಲಯದಲ್ಲಿ ಒಡೆದು ನೋಡಬೇಕಾಗುತ್ತದೆ.

ಗುರುಗ್ರಾಮದ ಚಿಂಟೆಲ್ಸ್ ಪ್ಯಾರಾಡೈಸೊ ವಸತಿ ಸಮುಚ್ಚಯದಲ್ಲಿ 2022ರ ಫೆಬ್ರವರಿ 10ರಂದು ಆರನೇ ಅಂತಸ್ತಿನ ಫ್ಲ್ಯಾಟಿನ ನೆಲ ಕುಸಿದು, ಕೆಳಗಿನ ಅಂತಸ್ತುಗಳನ್ನೂ ಒಂದರ ಮೇಲೊಂದಾಗಿ ಎಳೆದುಕೊಂಡು ಬಿತ್ತು. ಇಬ್ಬರು ಮಹಿಳೆಯರು ಸತ್ತರು. ಐಐಟಿ ದೆಹಲಿಯ ತಜ್ಞರು ಪರೀಕ್ಷಿಸಿದಾಗ ಕಾಂಕ್ರೀಟಿನಲ್ಲೇ ಕ್ಲೋರೈಡ್ ಅಂಶ ಸಿಕ್ಕಿತು. ಕಂಬಿಯನ್ನು ಬೇಗ ತುಕ್ಕು ಹಿಡಿಸುವ ಲವಣ ಅದು. ಫ್ಲ್ಯಾಟ್ ಕೊಂಡ ಯಾವ ಕುಟುಂಬವೂ, ಎಷ್ಟೇ ಎಚ್ಚರವಿದ್ದರೂ, ಇದನ್ನು ಪತ್ತೆ ಹಚ್ಚುವಂತಿರಲಿಲ್ಲ.

ಹುಡುಕುವ ಹೊಣೆಯನ್ನು ಕೊಳ್ಳುವವರ ತಲೆಗೇ ಕಟ್ಟಿದರೆ ಸಾಲದು ಎಂಬುದಕ್ಕೆ ಇಂಥ ಕಟ್ಟಡಗಳೇ ಸಾಕ್ಷಿ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆ ಲೆಕ್ಕವನ್ನು ಬದಲಿಸಿದ್ದು ಇಲ್ಲೇ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡುಬಂದು ಬಿಲ್ಡರಿನ ಗಮನಕ್ಕೆ ತಂದರೆ, ಆತ ಮೂವತ್ತು ದಿನದೊಳಗೆ ಬೇರೆ ಹಣ ಕೇಳದೆ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ದೋಷ ಆತನಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಜಮೀನಿನ ಹಕ್ಕಿನಲ್ಲೇ ದೋಷವಿದ್ದು ನಷ್ಟವಾದರೆ, ಪರಿಹಾರ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಆದರೆ ಈ ರಕ್ಷಣೆ ಬಿಲ್ಡರ್ ಮತ್ತು ಆತನಿಂದ ಕೊಂಡವರ ನಡುವಿನದು. ಒಬ್ಬರು ತಾವಿದ್ದ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವಾಗ ಮತ್ತೆ 1882ರ ಕಾಯ್ದೆಯ ಕಡೆಗೇ ತಿರುಗಬೇಕು.

ಆ ಕಾಯ್ದೆ ಕೊಳ್ಳುವವನನ್ನೂ ಪೂರ್ತಿ ಬಿಟ್ಟಿಲ್ಲ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಸ್ವತ್ತಿನಲ್ಲಿ ಮಾರುವವನಿಗಿರುವ ಹಕ್ಕು ಅವನು ತಿಳಿದಿರುವುದಕ್ಕಿಂತ ದೊಡ್ಡದು, ಅದರಿಂದ ಬೆಲೆಯೂ ಗಣನೀಯವಾಗಿ ಏರುತ್ತದೆ ಎಂದು ಕೊಳ್ಳುವವನಿಗೆ ಗೊತ್ತಿದ್ದರೆ ಅವನೂ ಹೇಳಬೇಕು. ತನಗಿರುವುದು ಸಣ್ಣದೊಂದು ಪಾಲು ಎಂದುಕೊಂಡು ಅಗ್ಗಕ್ಕೆ ಬಿಟ್ಟುಕೊಡಲು ಬಂದ ವಿಧವೆಗೆ, ಅರ್ಧ ಜಮೀನೇ ಆಕೆಯದು ಎಂದು ತಿಳಿದೂ ಹೇಳದೆ ಬರೆಸಿಕೊಂಡರೆ ಅದೂ ಮೋಸವೇ. ಪಕ್ಕದಲ್ಲಿ ರಿಂಗ್ ರಸ್ತೆ ಬರುತ್ತದೆ ಎಂಬ ಸುದ್ದಿ ಮಾತ್ರ ಈ ಹೊಣೆಯೊಳಗೆ ಬರುವುದಿಲ್ಲ.

ದೋಷ ಮುಚ್ಚಿಟ್ಟದ್ದು ಕ್ರಯವಾದ ಮೇಲೆ ಗೊತ್ತಾದರೆ ಸಿವಿಲ್ ನ್ಯಾಯಾಲಯದಲ್ಲಿ ಕ್ರಯವನ್ನು ರದ್ದುಪಡಿಸಲು ಅಥವಾ ನಷ್ಟ ತುಂಬಿಕೊಡಲು ಕೇಳಬಹುದು. ಕ್ರಯಪತ್ರದಲ್ಲಿ ತಂಟೆ ತಕರಾರು ಬಂದರೆ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡುತ್ತೇನೆ ಎಂದು ಮಾರುವವರಿಂದ ಬರೆಸಿಕೊಳ್ಳುವ ಸಾಲುಗಳಿಗೆ ಬೆಲೆ ಬರುವುದು ಆಗ. ಬರೆದುಕೊಟ್ಟವರು ಸಿಗಬೇಕು, ಅವರ ಹತ್ತಿರ ಕೊಡಲು ಏನಾದರೂ ಉಳಿದಿರಬೇಕು ಅಷ್ಟೆ. ಇಂಥ ದಾವೆಗಳಿಗೆ ಸಾಮಾನ್ಯವಾಗಿ ಇರುವ ಮೂರು ವರ್ಷಗಳ ಗಡುವು, ಮೋಸ ನಡೆದಿದ್ದಲ್ಲಿ, ನೋಂದಣಿಯಾದ ದಿನದಿಂದಲ್ಲ, ಮೋಸ ಪತ್ತೆಯಾದ ದಿನದಿಂದ ಶುರುವಾಗುತ್ತದೆ. ತಕ್ಕಷ್ಟು ಎಚ್ಚರವಿದ್ದಿದ್ದರೆ ಅದಕ್ಕೂ ಮೊದಲೇ ಪತ್ತೆಯಾಗುತ್ತಿತ್ತು ಎಂದು ಎದುರಾಳಿ ತೋರಿಸಿಕೊಟ್ಟರೆ, ಆ ಮೊದಲಿನ ದಿನದಿಂದಲೇ.